ಲಕ್ಷ್ಮೀಕಾಂತನ ಹೆಸರಿನಲ್ಲಿದ್ದ ಆರು ಸಾಲು

ಡೊಂಬಿವಲಿ ಪೂರ್ವ
13 ಜುಲೈ 2025, ಭಾನುವಾರ

ಪ್ರೀತಿಯ ಕಾಂತಾ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿ ಒಡೆಯದೆ ಇಟ್ಟರೂ ನನಗೆ ಬೇಸರವಿಲ್ಲ. ನಾವು ಮಾತಾಡದೆ ಒಂದು ವರ್ಷ ಒಂಬತ್ತು ತಿಂಗಳಾಯಿತು. ಇಷ್ಟು ತಡವಾಗಿ ಬರೆಯುವುದಕ್ಕೆ ಕ್ಷಮೆ ಕೇಳುತ್ತೇನೆ. ಕಾರಣ ಮಾತ್ರ ಕೇಳಬೇಡ, ಹೇಳಲಿಕ್ಕೆ ನೆಟ್ಟಗಿನದೊಂದೂ ಇಲ್ಲ.

ಕಳೆದ ಶನಿವಾರ ಕಲ್ಯಾಣ ಸ್ಟೇಷನ್ನಿನ ಸ್ಕೈವಾಕ್ ಮೇಲೆ ನಿನ್ನ ಮನೆಯವರು, ಮಾಲಾ ವೈನಿ, ಸಿಕ್ಕಿದ್ದರು. ನಾನೇ ಗುರುತು ಹಿಡಿದು ಮಾತಾಡಿಸಿದೆ. ನಿನ್ನ ಹೊಸ ನಂಬರ್ ಕೇಳಿದೆ. "ಫೋನ್ ಹಚ್ಚಬ್ಯಾಡ್ರಿ ಅಣ್ಣಾರ. ಆಫೀಸಿನವರ ಫೋನ್ ಅವರು ಎತ್ತಂಗಿಲ್ಲ. ಬರದ್ರ ಓದ್ತಾರ. ಓದಲಿಲ್ಲಂದ್ರ ನಾ ಓದಿ ಹೇಳ್ತೀನಿ" ಅಂದರು. ನೀನು ಭಿವಂಡಿಯ ಗೋದಾಮಿನ ಗೇಟಿನಲ್ಲಿ ಲಾರಿಗಳ ನಂಬರ್ ಬರೆದುಕೊಳ್ಳುವ ಕೆಲಸದಲ್ಲಿದ್ದೀ ಎಂದೂ ಅವರಿಂದಲೇ ಗೊತ್ತಾಯಿತು. ಅಲ್ಲಿಯ ಮ್ಯಾನೇಜರ್ ಆಫೀಸಿನ ಒಳಗೆ ಕಂಪ್ಯೂಟರ್ ಕೆಲಸ ಕೊಡುತ್ತೇನೆಂದರೂ ನೀನು ಬೇಡವೆಂದೆಯಂತೆ. "ಕಂಪ್ಯೂಟರ್ ಮುಂದ ಕುಂದ್ರಂಗೇ ಇಲ್ಲರೀ. ಮಗಳು ಜ್ಯೋತಿ, ಕಾಲೇಜಿನ ಫಾರ್ಮ್ ತುಂಬಿಕೊಡು ಅಂದ್ರೂ ಎದ್ದು ಹೊರಗ ಹೋಗ್ತಾರ" ಅಂದರು. ಅಷ್ಟರಲ್ಲಿ ಕಸಾರಾ ಗಾಡಿ ಬಂತು, ವೈನಿ ಓಡಿದರು. ನಾನು ಅಲ್ಲೇ ನಿಂತೆ. ಆಮೇಲೆ ಬಂದ ಎರಡು ಗಾಡಿ ಬಿಟ್ಟೆ.

ನಮ್ಮ ಮನೆಯ ಸುದ್ದಿ ಹೇಳುವಂಥದ್ದು ಹೆಚ್ಚಿಲ್ಲ. ರಮಿತಾಳ ಮೊಣಕಾಲು ನೋವು ಹಾಗೇ ಇದೆ. ಲಿಫ್ಟ್ ಕೆಟ್ಟು ಇಪ್ಪತ್ತು ದಿನವಾಯಿತು, ನಾಲ್ಕು ಮಹಡಿ ಹತ್ತುವಾಗ ಅವಳು ಸೊಸೈಟಿಯವರನ್ನು ತುಳುವಿನಲ್ಲಿ ಬೈಯುತ್ತಾ ಹತ್ತುತ್ತಾಳೆ. ಮಗಳು ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುವುದನ್ನು ಬಿಟ್ಟಿಲ್ಲ. ನನಗೆ ಐವತ್ತೊಂದು ತುಂಬಿತು. ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿಯಲು ಆ ಸೇತುವೆ ಹತ್ತುವಾಗ ಕಾಲು ಬೇಡವೆನ್ನುತ್ತದೆ. ಹಿಂದಿನವರ ನೂಕು ಹತ್ತಿಸುತ್ತದೆ. ಮಹಾಪೆಯ ಆಫೀಸು ಹಾಗೇ ಇದೆ. "ಈ ಬಿಲ್ಡಿಂಗಿಗೂ ನಮ್ಮವ್ವ ಇಟ್ಟಂಗಿ ಹೊತ್ತಾಳ" ಎಂದು ನೀನು ಹೊಸಬರಿಗೆಲ್ಲ ತೋರಿಸುತ್ತಿದ್ದ ಗೋಡೆಗೆ ಈಗ ಬೂದು ಬಣ್ಣ ಹೊಡೆದಿದ್ದಾರೆ.

ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ವೈನಿಯೂ ಓದುತ್ತಾರಾದ್ದರಿಂದ ಬಿಡಿಸಿ ಹೇಳುತ್ತೇನೆ, ಪಾಠ ಹೇಳುತ್ತಿದ್ದೇನೆಂದು ತಿಳಿಯಬೇಡ. ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಆಸ್ಪತ್ರೆಯ ಸರ್ವರಿನಿಂದ ಇಳಿಸಿ ಡಾಕ್ಟರರ ಪರದೆಗೆ ತರುವ ನಮ್ಮ ಸಾಫ್ಟ್‌ವೇರ್ ಲೈಬ್ರರಿ ಇದೆಯಲ್ಲ, ಅದನ್ನು ಈಗ ಹೊಸ ಆಸ್ಪತ್ರೆಗಳು ಕೊಳ್ಳುತ್ತಿವೆ. ಅವರ ಸರ್ವರ್ ಗುರುತಿನ ಟೋಕನ್ ತೋರಿಸದೆ ಯಾರಿಗೂ ಫೈಲ್ ಕೊಡುವುದಿಲ್ಲ, ಹಳೆಯ ಡೌನ್‌ಲೋಡರಿಗೆ ಆ ವಿದ್ಯೆ ಗೊತ್ತಿಲ್ಲ. ಆದ್ದರಿಂದ ಇನ್ನು ಮೇಲೆ ಲೈಬ್ರರಿ ತಾನೇ ಇಳಿಸಿಕೊಳ್ಳುವುದಿಲ್ಲ. ವಿಳಾಸವನ್ನು ಹ್ಯಾಂಡ್ಲರ್ ಎಂಬ ಬೇರೊಂದು ಪ್ರೋಗ್ರಾಮಿನ ಕೈಗೆ ಕೊಡುತ್ತದೆ, ಹ್ಯಾಂಡ್ಲರ್ ಹೋಗಿ ಟೋಕನ್ ತೋರಿಸಿ ಫೈಲ್ ತಂದುಕೊಡುತ್ತದೆ. ನಡುವೆ ನೆಟ್ ಕಡಿದರೆ ಬಿಟ್ಟಲ್ಲಿಂದ ಮತ್ತೆ ತರುತ್ತದೆ. ಆ ಹ್ಯಾಂಡ್ಲರ್ ಬರೆಯುವ ಕೆಲಸವನ್ನು ಮ್ಯಾನೇಜರ್ ಪೃಥ್ವಿರಾಜ್ ನನಗೆ ಕೊಟ್ಟಿದ್ದಾನೆ.

ಅದನ್ನು ಬರೆಯಬೇಕಾದರೆ ಹಳೆಯ ಡೌನ್‌ಲೋಡರನ್ನು ತೆರೆಯಬೇಕು. ಅದು ನೀನು ಬರೆದದ್ದು. ನಿನ್ನಿಂದ ರಾಜೀನಾಮೆ ಬರೆಸಿಕೊಂಡ ದಿನದಿಂದ ಅದರ ಒಳಗೆ ಯಾರೂ ಕೈ ಹಾಕಿಲ್ಲ. ಅವಸರಕ್ಕೆ ಮೇಲಿಂದ ಮೇಲೆ ತೇಪೆ ಹಾಕಿದ್ದಾರೆ, ಅಷ್ಟೆ. ಕೈ ಹಾಕುವ ಮೊದಲು ನಿನಗೆ ತಿಳಿಸಬೇಕು ಅನ್ನಿಸಿತು.

ನಿಮ್ಮಪ್ಪ ಮಾಪಣ್ಣ ಕಾಕಾನಿಗೆ ನನ್ನ ನಮಸ್ಕಾರ. ಜ್ಯೋತಿಗೆ ಆಶೀರ್ವಾದ.

ನಿನ್ನ
ಯೋಗೀಶ್


ಡೊಂಬಿವಲಿ ಪೂರ್ವ
10 ಆಗಸ್ಟ್ 2025, ಭಾನುವಾರ

ಪ್ರೀತಿಯ ಕಾಂತಾ,

ನಿನ್ನಿಂದ ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ. ಎರಡು ವಾರ ಮೊದಲೇ ಬರೆಯಬೇಕಿತ್ತು, ಕೂತರೆ ಕೈ ಏಳಲಿಲ್ಲ. ಇವತ್ತು ರಮಿತಾ ತನ್ನ ಅಣ್ಣ ಲೀಲಾಧರನ ಮನೆಗೆ ಠಾಣೆಗೆ ಹೋಗಿದ್ದಾಳೆ. ಅವನ ಹೋಟೆಲಿನಲ್ಲಿ ಏನೋ ಪೂಜೆ. ನನಗೆ ಮೈ ಸರಿಯಿಲ್ಲವೆಂದು ಹೇಳಿ ಉಳಿದೆ. ಸುಳ್ಳೇನಲ್ಲ, ಈಗೀಗ ಯಾವ ದಿನ ಸರಿಯಿರುತ್ತದೆ?

ಹ್ಯಾಂಡ್ಲರ್ ಮುಕ್ಕಾಲು ಆಗಿದೆ. ನಿನ್ನ ಕೋಡನ್ನು ಮೂರು ದಿನ ಓದಿದೆ. ನಿನ್ನ ಕೈಬರಹದಂತೆಯೇ ಅದೂ, ಒಂದು ಸಾಲೂ ಹೆಚ್ಚಿಗೆ ಇಲ್ಲ. ಟೋಕನ್ ತೋರಿಸುವುದು, ಸರ್ವರ್ ಬೇರೆ ವಿಳಾಸಕ್ಕೆ ಹೋಗೆಂದರೆ ಹೋಗುವುದು, ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಮತ್ತೆ ಕೇಳಬೇಕು, ಇದನ್ನೆಲ್ಲ ಹೊಸದಾಗಿ ಬರೆದೆ. ಉಳಿದದ್ದನ್ನು ನಿನ್ನದರಿಂದಲೇ ತೆಗೆದುಕೊಂಡೆ.

ಪರೀಕ್ಷೆ ಮಾಡುವವಳು ಅನಘ. ನೀನು ಹೋದ ಮೇಲೆ ಸೇರಿದವಳು, ಮೂವತ್ತೈದರ ಹತ್ತಿರ. ಅವಳ ಅಜ್ಜ ವಿಜಯಪುರದವರು. ಕನ್ನಡ ಅರ್ಥವಾಗುತ್ತದೆ, ಮಾತು ಮರಾಠಿ. ಯಾರ ಮುಲಾಜಿಗೂ ಬೀಳುವವಳಲ್ಲ. ಹೋದ ಮಂಗಳವಾರ ಫೈಲ್ ಇಳಿಯುತ್ತಿದ್ದಾಗ ನಡುವೆ ನೆಟ್ಟಿನ ಕೇಬಲ್ ಕಿತ್ತಳು. ಅರ್ಧವೇ ಬಂದಿತ್ತು. ಪರದೆಯ ಮೇಲೆ ಮಾತ್ರ 'ಪೂರ್ತಿಯಾಗಿದೆ' ಎಂಬ ಹಸಿರು ಗುರುತು. ಅವಳು ನನ್ನ ಮುಖ ನೋಡಿದಳು. ಎರಡು ವರ್ಷದ ಹಿಂದಿನ ಕಥೆ ಅವಳಿಗೂ ಗೊತ್ತು.

ವೈನಿ, ನಿಮಗೆ ಇವರು ಎಷ್ಟು ಹೇಳಿದ್ದಾರೋ ತಿಳಿಯದು. ಆವತ್ತು ಆದದ್ದೂ ಇದೇ. 2023ರ ಜೂನಿನಲ್ಲಿ ಮುಂಬ್ರಾದ ಒಬ್ಬ ಹೆಂಗಸಿನ ಹೊಟ್ಟೆಯ ಸ್ಕ್ಯಾನ್ ಇಳಿಯುವಾಗ ನೆಟ್ ಕಡಿದು ಕೊನೆಯ ನಲವತ್ತು ಚಿತ್ರ ಬರಲೇ ಇಲ್ಲ. ಹಸಿರು ಗುರುತು ಬಂತು. ದಿನಕ್ಕೆ ಎಂಬತ್ತು ಸ್ಕ್ಯಾನ್ ನೋಡುವ ಡಾಕ್ಟರ್ ಬಂದಷ್ಟನ್ನು ನೋಡಿ ಏನೂ ಇಲ್ಲವೆಂದು ಬರೆದರು. ಮೂತ್ರಪಿಂಡದ ಕೆಳಭಾಗದ ಗಡ್ಡೆ ಆ ನಲವತ್ತರಲ್ಲಿತ್ತು. ಅದು ಕಂಡದ್ದು ಮೂರು ತಿಂಗಳ ಮೇಲೆ, ಬೇರೆ ಕಡೆ. ಆ ವೇಳೆಗೆ ಮೂತ್ರಪಿಂಡವನ್ನೇ ತೆಗೆಯಬೇಕಾಯಿತು.

ಕಾಂತಾ, ನಿನ್ನ ಕೋಡಿನಲ್ಲಿ ಅದಕ್ಕೆ ಕಾವಲು ಇತ್ತು. ಸರ್ವರ್ ಫೈಲಿನ ಅಳತೆ ಇಷ್ಟೆಂದು ಮೊದಲೇ ಹೇಳುತ್ತದೆ. ಬಂದದ್ದು ಅಷ್ಟಿಲ್ಲದಿದ್ದರೆ ಒಪ್ಪಬಾರದು ಎಂದು ನೀನು ಆರು ಸಾಲು ಬರೆದಿದ್ದೆ. ಆ ಆರೂ ಸಾಲು ಅಲ್ಲಿವೆ, ಆದರೆ ಕೆಲಸ ಮಾಡದ ಹಾಗೆ ಮುಚ್ಚಿವೆ. ವಿಚಾರಣೆಯಾದ ಮೇಲೂ ಅವನ್ನು ತೆರೆಯದೆ ಹೊರಗಿನಿಂದ ಬೇರೆ ತೇಪೆಯಷ್ಟೇ ಹಾಕಿದ್ದರು. ಮುಚ್ಚಿದವರ ಹೆಸರು ನಿನ್ನದೇ: ಲಕ್ಷ್ಮೀಕಾಂತ. ತಾರೀಕು 17 ಮಾರ್ಚ್ 2023, ಶುಕ್ರವಾರ. ಕಂಪನಿಯ ವಿಚಾರಣೆಯಲ್ಲಿ ಅವರು ಕಾಗದದ ಮೇಲೆ ತೋರಿಸಿದ್ದು ಇಷ್ಟೇ. 17ಕ್ಕೆ ನಿಮ್ಮವ್ವ ಮರೆಮ್ಮ ತೀರಿಕೊಂಡು ಹನ್ನೆರಡು ದಿನವಾಗಿತ್ತು, ಹಿಂದಿನ ದಿನವಷ್ಟೇ ನೀನು ಕೆಲಸಕ್ಕೆ ಬಂದಿದ್ದೆ. ನೀನು ಆ ಕಾಗದ ನೋಡಿ, "ನನಗ ನೆನಪಿಲ್ಲ ಸರ್. ಅವ್ವ ತೀರಿದ್ದ ಹೊತ್ತದು. ನಾನಽ ಮಾಡಿರಬೇಕು" ಅಂದೆ.

ಅವರು ವೇಳೆ ನೋಡಿರಲಿಲ್ಲ. ನಾನು ನೋಡಿದೆ. ಸಂಜೆ ಐದು ಐವತ್ತೆರಡು. ಆ ದಿನ ಮಾಪಣ್ಣ ಕಾಕಾನಿಗೆ ಜ್ವರ ಏರಿದೆಯೆಂದು ವೈನಿ ಫೋನ್ ಮಾಡಿದ್ದರಿಂದ ನೀನು ಬೇಗ ಹೋಗಿದ್ದೆ. ಗೇಟಿನ ಕಾರ್ಡಿನ ಹಳೆಯ ದಾಖಲೆಯನ್ನು ಅನಘ ತೆಗೆಸಿದಳು. ನೀನು ಹೊರಗೆ ಹೋದದ್ದು ನಾಲ್ಕು ಹನ್ನೊಂದಕ್ಕೆ. ಮತ್ತೆ ಒಳಗೆ ಬಂದಿಲ್ಲ. ನಿನ್ನ ಕಂಪ್ಯೂಟರ್ ತೆರೆದೇ ಇತ್ತು.

ನೀನಲ್ಲ ಕಾಂತಾ. ಇದನ್ನು ಹೇಳುವುದಕ್ಕೇ ಈ ಕಾಗದ. ಆ ಕುರ್ಚಿಯಲ್ಲಿ ಆ ಹೊತ್ತಿಗೆ ಯಾರು ಕೂತಿದ್ದರು ಎಂದು ಯೋಚಿಸುತ್ತಿದ್ದೇನೆ. ಹೊರಗೆ ಮಳೆ ಬಿಟ್ಟಿದೆ. ತುಂಬ ದಣಿವಾಗಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಹಿರಿಯರಿಗೆ ನಮಸ್ಕಾರ, ಮಗಳಿಗೆ ಆಶೀರ್ವಾದ.

ನಿನ್ನ
ಯೋಗೀಶ್


ಡೊಂಬಿವಲಿ ಪೂರ್ವ
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಕಾಂತಾ,

ನಿನ್ನ ಅಂಚೆ ಕಾರ್ಡು ಬಂದು ಮೂರು ವಾರವಾಯಿತು. ಕೂಡಲೇ ಉತ್ತರ ಬರೆಯದ್ದಕ್ಕೆ ಈ ಸಲ ಕಾರಣವಿದೆ. "ಕಾಗದ ಎರಡೂ ಮುಟ್ಟಿದವು. ಆ ಹೆಣ್ಮಗಳು ಈಗ ಹ್ಯಾಂಗ ಅದಾಳ? ಗೊತ್ತಾದ್ರ ತಿಳಸು" ಎಂದು ಎರಡೇ ಸಾಲು ಬರೆದಿದ್ದೀ. ನಿನ್ನ ಮೇಲಿನ ತಪ್ಪು ಹೋಯಿತು ಎಂಬ ಬಗ್ಗೆ ಒಂದಕ್ಷರವಿಲ್ಲ. ನಾನು ಆ ಕಾರ್ಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ನಾಲ್ಕು ದಿನ ಆಫೀಸಿಗೆ ಹೋಗಿ ಬಂದೆ. ಆಗಲೇ ಒಂದು ದಿನ ಗಾಡಿಯಲ್ಲಿ ನಿಂತಿದ್ದಾಗ ನೆನಪಾಯಿತು. ಆ ಶುಕ್ರವಾರ ನಿನ್ನ ಕುರ್ಚಿಯಲ್ಲಿ ಕೂತದ್ದು ನಾನು.

ಬಿಡಿಸಿ ಹೇಳುತ್ತೇನೆ. ಆ ದಿನ ಹೊಸ ಆವೃತ್ತಿ ಹೊರಡಬೇಕಿತ್ತು. ಒಂದು ಆಸ್ಪತ್ರೆಯವರು ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು, ಸರಿಯಾಗಿ ಬಂದ ಫೈಲನ್ನೂ ಒಪ್ಪುತ್ತಿಲ್ಲ ಎಂದು. ಅವರ ಸರ್ವರ್ ಫೈಲನ್ನು ಅದುಮಿ ಚಿಕ್ಕದು ಮಾಡಿ ಕಳಿಸುತ್ತಿತ್ತು. ಹೇಳುತ್ತಿದ್ದ ಅಳತೆ ಆ ಚಿಕ್ಕದರದು. ನಾವು ಅಳೆಯುತ್ತಿದ್ದದ್ದು ಬಿಚ್ಚಿದ ಮೇಲಿನ ದೊಡ್ಡದನ್ನು. ಎರಡೂ ತಾಳೆಯಾಗುತ್ತಿರಲಿಲ್ಲ. ಬಿಚ್ಚುವ ಮೊದಲೇ ಅಳೆದಿದ್ದರೆ ಮುಗಿಯುತ್ತಿತ್ತು. ಅರ್ಧ ದಿನದ ಕೆಲಸ. ನಿನ್ನನ್ನು ಕೇಳೋಣವೆಂದರೆ ನೀನು ಮಾಪಣ್ಣ ಕಾಕಾನನ್ನು ಕರೆದುಕೊಂಡು ಆಸ್ಪತ್ರೆಯಲ್ಲಿದ್ದೆ. ನಿನ್ನ ಕಂಪ್ಯೂಟರಿನಲ್ಲಿ ಎಲ್ಲ ತೆರೆದಿತ್ತು. ಸದ್ಯಕ್ಕೆ ಇರಲಿ, ಸೋಮವಾರ ಸರಿಮಾಡಿದರಾಯಿತು ಎಂದು ಆ ಆರು ಸಾಲು ಮುಚ್ಚಿ ಕಳಿಸಿಬಿಟ್ಟೆ. ಆರು ಹತ್ತರ ಬಸ್ಸು ಹಿಡಿದೆ. ಸೋಮವಾರ ಬೇರೆ ಕೆಲಸ ಬಂತು.

ನೀನು ಕೇಳಿದ ಪ್ರಶ್ನೆಗೆ ಉತ್ತರ ತರಲು ಮುಂಬ್ರಾಕ್ಕೆ ಹೋದೆ. ವಿಳಾಸ ವಿಚಾರಣೆಯ ಕಾಗದದಲ್ಲಿತ್ತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಸ್ಟೇಷನ್ನಿನಿಂದ ಗುಡ್ಡದ ಕಡೆಗೆ ಹತ್ತು ನಿಮಿಷ, ಮೂರನೆಯ ಮಹಡಿ. ಆಕೆ ಕೆಳಗಿನ ಮನೆಗಳ ಮಕ್ಕಳಿಗೆ ಉರ್ದು ಪಾಠ ಹೇಳಿಕೊಡುತ್ತಾರೆ. ಆರೋಗ್ಯ ಪರವಾಗಿಲ್ಲ ಕಾಂತಾ. ಆರು ತಿಂಗಳಿಗೊಮ್ಮೆ ತಪಾಸಣೆ. ಗಡ್ಡೆ ಬೇರೆಲ್ಲೂ ಹಬ್ಬಿಲ್ಲ. ಬೇಗ ಸುಸ್ತಾಗುತ್ತದೆ, ಭಾರ ಎತ್ತುವಂತಿಲ್ಲ, ಉಪ್ಪು ಕಡಿಮೆ. ಗಂಡ ನನಗೆ ಕುರ್ಚಿ ಕೊಟ್ಟು ತಾವು ಬಾಗಿಲಲ್ಲೇ ನಿಂತರು.

ನಾನು ಕಂಪನಿಯ ಹೆಸರು ಹೇಳಿದೆ. ಆಕೆ ಹಿಂದಿಯಲ್ಲಿ, "ಆಗ ಬಂದವರು ತಪ್ಪು ಮಷೀನಿನದು ಅಂದರು. ಮಷೀನಿನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಲಿ? ಬಿಟ್ಟುಬಿಟ್ಟೆ" ಅಂದರು.

"ಮಷೀನಿನದಲ್ಲ, ನನ್ನದು" ಅಂದೆ.

ಆಕೆ ಪಾಠಕ್ಕೆ ಬಂದಿದ್ದ ಹುಡುಗಿಯನ್ನು ನಾಳೆ ಬಾ ಎಂದು ಕಳಿಸಿದರು. ಆಮೇಲೆ ನನ್ನ ಹೆಸರು ಕೇಳಿದರು. ಹೇಳಿದೆ. ಮೆಲ್ಲಗೆ ಒಂದು ಸಲ ಅಂದು ನೋಡಿದರು, "ಯೋಗೀಶ್" ಎಂದು. "ಸರಿ. ಇಷ್ಟು ದಿನ ಇದಕ್ಕೆ ಹೆಸರಿರಲಿಲ್ಲ" ಅಂದರು. ನಾನು ಮಾಫಿ ಕೇಳಿದೆ. "ಅದು ಇವತ್ತು ನನ್ನಿಂದ ಆಗುವುದಿಲ್ಲ. ನಿಮ್ಮ ಛತ್ರಿ ಅಲ್ಲಿದೆ, ಮರೆಯಬೇಡಿ" ಅಂದರು. ಗಂಡ ಮೆಟ್ಟಿಲ ತನಕ ಬಂದರು.

ಮರುದಿನ ಪೃಥ್ವಿರಾಜನಿಗೆ ಹೇಳಿದೆ. ಅವನು ಎದ್ದು ಬಾಗಿಲು ಹಾಕಿ ಬಂದ. "ಎರಡು ವರ್ಷದ ಹಿಂದೆ ಮುಗಿದ ಫೈಲು. ಈಗ ಯಾಕೆ ತೆಗೆಯುತ್ತೀ? ಅವನು ತಾನೇ ಒಪ್ಪಿಕೊಂಡಿದ್ದ. ನಿನಗೂ ಮನೆಯಿದೆ, ಮಗಳಿದ್ದಾಳೆ" ಅಂದ. ಒಳ್ಳೆಯದಕ್ಕೇ ಹೇಳಿದ್ದು. ನನಗೂ ಸರಿ ಅನ್ನಿಸಿ ನನ್ನ ಜಾಗಕ್ಕೆ ಬಂದು ಕೂತೆ ಎಂಬುದನ್ನು ಮುಚ್ಚಿಡುವುದಿಲ್ಲ. ಅನಘ ಬಂದು ಪಕ್ಕದಲ್ಲಿ ನಿಂತಳು. "ತೋಂಡಿ ನಕೋ, ಲಿಹೂನ್ ದ್ಯಾ" ಅಂದಳು. ಬಾಯಿಮಾತಲ್ಲಿ ಬೇಡ, ಬರೆದು ಕೊಡಿ ಎಂದು. ಅವಳ ಮುಂದೆಯೇ ಬರೆದೆ, ಬೇಲಾಪುರದಲ್ಲಿರುವ ದೊಡ್ಡ ಆಫೀಸಿಗೂ ಒಂದು ಪ್ರತಿ ಕಳಿಸಿದೆ. ಗೇಟಿನ ದಾಖಲೆಯನ್ನು ಅವಳೇ ಲಗತ್ತಿಸಿದಳು.

ಫಲ ಹೀಗಾಯಿತು. ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ಕಂಪನಿಯ ಮುದ್ರೆ ಇರುವುದು. 17 ಮಾರ್ಚ್ 2023ರ ಬದಲಾವಣೆ ಲಕ್ಷ್ಮೀಕಾಂತ ಮಾಡಿದ್ದಲ್ಲ, ಅವರ ರಾಜೀನಾಮೆಯನ್ನು ತಪ್ಪು ತಿಳಿವಳಿಕೆಯಿಂದ ಪಡೆಯಲಾಗಿತ್ತು ಎಂದು ಅದರಲ್ಲಿದೆ. ವಿಷಾದ ಎಂಬ ಪದ ಹಾಕಿಸಲು ಅನಘ ಎರಡು ಸಲ ಜಗಳವಾಡಿದಳು. ಮತ್ತೆ ಕೆಲಸಕ್ಕೆ ಕರೆಯುವರೋ ಗೊತ್ತಿಲ್ಲ, ಕರೆದರೆ ಹೋಗಬೇಕೋ ಬೇಡವೋ ನಿನ್ನ ಇಷ್ಟ. ನಾನು ಈ ತಿಂಗಳ ಕೊನೆಗೆ ಕೆಲಸ ಬಿಡಬೇಕು. ರಮಿತಾ ಒಂದು ದಿನ ಅತ್ತಳು, ಮರುದಿನ, "ಮೊಣಕಾಲಿಗೆ ಎಣ್ಣೆ ತಿಕ್ಕಲು ಮನೆಯಲ್ಲಿ ಒಬ್ಬರಿರುತ್ತಾರಲ್ಲ" ಅಂದಳು.

ಹ್ಯಾಂಡ್ಲರ್ ಕೆಲಸಕ್ಕೆ ಹತ್ತಿದೆ. ನಿನ್ನ ಆರು ಸಾಲು ಮತ್ತೆ ತೆರೆದೆ, ಬಿಚ್ಚುವ ಮೊದಲೇ ಅಳೆಯುವ ಹಾಗೆ ಮಾಡಿದೆ. ಬರೆದವರ ಹೆಸರಿನ ಜಾಗದಲ್ಲಿ ನಿನ್ನ ಹೆಸರು ಹಾಕಿದ್ದೇನೆ. ಅನಘ ಹನ್ನೊಂದು ಸಲ ಕೇಬಲ್ ಕಿತ್ತಳು. ಹನ್ನೊಂದು ಸಲವೂ ಹಸಿರು ಬರಲಿಲ್ಲ. ಕೇಬಲ್ ಮತ್ತೆ ಹಾಕಿದರೆ ಬಿಟ್ಟಲ್ಲಿಂದ ತಂದು, ಅಳತೆ ಕೂಡಿದ ಮೇಲಷ್ಟೇ ಬಂತು. ಹ್ಯಾಂಡ್ಲರನ್ನು ಇನ್ನು ಅವಳು ನೋಡಿಕೊಳ್ಳುತ್ತಾಳೆ.

ನಿನಗೆ ಇನ್ನು ರಾತ್ರಿ ನಿದ್ದೆ ಬರಲಿ. ಆ ಹೆಂಗಸಿನ ದೇಹ ನಿನ್ನ ಕೈಯಿಂದ ಕೆಡಲಿಲ್ಲ. ಜ್ಯೋತಿಯ ಫಾರ್ಮ್ ತುಂಬಿಕೊಡು. ಅವಳು ಓದಿ ಮೇಲೆ ಬರಲಿ, ನಿನ್ನ ಮನೆಯಲ್ಲಿ ಎಲ್ಲರೂ ತಣ್ಣಗಿರಿ. ಮಾಪಣ್ಣ ಕಾಕಾನ ಪಾದಕ್ಕೆ ನಮಸ್ಕಾರ.

ನಿನ್ನ
ಯೋಗೀಶ್

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಕೆಳಗೆ ಬರೆಯುತ್ತಿರುವುದು: ಗಾಡಿಯಲ್ಲಿ ನೆನಪಾಯಿತು ಎಂದದ್ದು ಸುಳ್ಳು. ಯಾರು ಕೂತಿದ್ದರೆಂದು ಯೋಚಿಸುತ್ತಿದ್ದೇನೆ ಎಂದು ಹಿಂದಿನ ಕಾಗದದಲ್ಲಿ ಬರೆದದ್ದೂ ಸುಳ್ಳು. ನನಗೆ ಆವತ್ತೇ ಗೊತ್ತಿತ್ತು. ವಿಚಾರಣೆಯ ದಿನ ಆ ಕಾಗದವನ್ನು ಮೇಜಿನ ಮೇಲೆ ಇಟ್ಟಾಗಲೇ, ನೀನು ಓದಿ ಮುಗಿಸುವ ಮೊದಲೇ ಗೊತ್ತಾಯಿತು. ನಿನ್ನ ಬಲಗಡೆ ಕೂತಿದ್ದೆ. ನಾನೇ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ನೀನು "ನಾನಽ ಮಾಡಿರಬೇಕು" ಅಂದೆ. ನನ್ನ ಬಾಯಿ ಮುಚ್ಚಿತು. ಮಗಳ ಫೀಸು, ಮನೆಯ ಕಂತು ಎಂದೆಲ್ಲ ಆಮೇಲೆ ಕಾರಣ ಹುಡುಕಿಕೊಂಡೆ. ಆ ಕ್ಷಣದಲ್ಲಿ ಅದಾವುದೂ ನೆನಪಿಗೆ ಬಂದಿರಲಿಲ್ಲ. ನೀನು ಹೇಳಿದೆಯಲ್ಲ, ನಾನು ಉಳಿದುಕೊಂಡೆ ಅನ್ನಿಸಿತು, ಅಷ್ಟೆ.

ಹೊರಗೆ ಬಂದ ಮೇಲೆ ನೀನು ನನ್ನ ಹೆಗಲ ಮೇಲೆ ಕೈ ಹಾಕಿ, "ನೀ ಯಾಕ ಮಾರಿ ಸಣ್ಣದ ಮಾಡ್ಕೊಂಡಿ? ತಪ್ಪು ನಂದು" ಅಂದೆ. ಗೇಟಿನ ಎದುರಿನ ಟಪರಿ ಅಂಗಡಿಗೆ ನೀನೇ ನನ್ನನ್ನು ಕರೆದುಕೊಂಡು ಹೋಗಿ ಚಹಾ ಕೊಡಿಸಿದೆ. ನಾನು ಕುಡಿದೆ.